ಪಿಯುಸಿ ಪತ್ತೇದಾರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ವಠಾರಕ್ಕೊಬ್ಬ ಇಂಥವನು ಇದ್ದೇ ಇರುತ್ತಾನೆ. ವಯಸ್ಸು ಹದಿನಾರು, ಮೀಸೆ ಆಗಷ್ಟೇ ಚಿಗುರುತ್ತಿದೆ, ಓದುವುದು ಫಸ್ಟ್ ಪಿಯುಸಿ ಸಯನ್ಸ್. ಅಜ್ಜನ ಕಾಲದ ಹುಡುಗರು ಕೆಟ್ಟದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ. (ಪುಣ್ಯಾತ್ಮರು 500ಕ್ಕೂ ಹೆಚ್ಚು ಕಾದಂಬರಿ ಬರೆದಿದ್ದರು, ಕೆಡದೆ ಇರುವುದು ಹೇಗೆ?) ಇವನನ್ನು ಕೆಡಿಸಿದ್ದು ಕಾದಂಬರಿಗಾರ್ತಿ ಹಾಲಿ ಜಾಕ್ಸನ್ 2019ರಲ್ಲಿ ಸೃಷ್ಟಿಸಿದ ಪಿಪ್ ಎಂಬ ಹುಡುಗಿ. ಶಾಲೆಯ ಪ್ರಾಜೆಕ್ಟಿನ ನೆವದಲ್ಲಿ ಅವಳು ಊರಿನ ಹಳೇ ಕೊಲೆಯೊಂದನ್ನು ಕೆದಕುತ್ತಾಳೆ, ಒಬ್ಬೊಬ್ಬರ ಬಂಡವಾಳವೂ ಬಯಲಾಗುತ್ತದೆ. ನಮ್ಮವನೂ ಫಿಸಿಕ್ಸ್ ರೆಕಾರ್ಡಿನ ಹಿಂದಿನ ಪುಟದಲ್ಲಿ ಶಂಕಿತರ ಪಟ್ಟಿ ಶುರುಮಾಡಿದ.

ಮೊದಲ ಹೆಸರು ತೋಟದಾಚೆಯ ಭಟ್ಟರದ್ದು. ಬೇಸಿಗೆಯ ನಡುರಾತ್ರಿ ತಲೆಗೆ ಮುಂಡಾಸು ಸುತ್ತಿ, ಟಾರ್ಚು, ಕತ್ತಿ ಹಿಡಿದು ತೋಟದ ಕೆಳಮೂಲೆಗೆ ಇಳಿಯುತ್ತಾರೆ. ಅಲ್ಲಿ ಏನನ್ನೋ ಅಡಗಿಸಿಟ್ಟಿದ್ದಾರೆ! ಹುಡುಗ ಅಡಿಕೆ ಮರಗಳ ಮರೆಯಲ್ಲಿ ಹಿಂಬಾಲಿಸಿದ. ಅಡಗಿದ್ದದ್ದು ಪಂಪು. ತ್ರೀಫೇಸ್ ಕರೆಂಟು ಬರುವುದೇ ಆ ಹೊತ್ತಿಗೆ. ಭಟ್ಟರಿಗೆ ಆಶ್ಚರ್ಯವೇ ಆಗಲಿಲ್ಲ. "ಬಂದದ್ದು ಒಳ್ಳೇದಾಯ್ತು ಮಾಣಿ, ಆ ಮೇಲಿನ ಗೇಟ್‌ವಾಲ್ವ್ ಸ್ವಲ್ಪ ತಿರುಗಿಸಿ ಬಾ" ಎಂದರು.

ಆಮೇಲೆ ಎದುರುಮನೆ. ಅಂಗಳದಲ್ಲಿ ಕೆಎಲ್-14 ನಂಬರಿನ ಕಾಸರಗೋಡು ಕಾರು. ಇಳಿದವರು ಬಿಳಿ ಪಂಚೆಯವರು, ಕೈಚೀಲದಲ್ಲಿ ಏನೋ ಕುಲುಕುವ ಸದ್ದು. ಕಳ್ಳಸಾಗಣೆಯ ಚಿನ್ನ ಎಂದು ಬರೆದುಕೊಂಡ. ನೋಡಿದರೆ ಕವಡೆ! ಮನೆಯವರು ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದ್ದರು. ಪಾಲುಪಟ್ಟಿಯಲ್ಲಿ ನಡೆದ ಮೋಸ, ನಿಂತುಹೋದ ನಾಗತಂಬಿಲ, ದೈವಕ್ಕೆ ಹೇಳಿ ಮರೆತ ಹರಕೆ, ಮೂರು ತಲೆಮಾರಿನ ಗುಟ್ಟನ್ನೆಲ್ಲ ಜೋಯಿಸರು ಊಟದ ಹೊತ್ತಿಗೆ ಚಾವಡಿಯಲ್ಲಿ ಹರವಿದ್ದರು. ಅದೂ ಇಡೀ ಕುಟುಂಬವನ್ನು ಕೂರಿಸಿಕೊಂಡು. ಪಿಪ್‌ಗೆ ಇಷ್ಟಕ್ಕೆ ಒಂದಿಡೀ ಕಾದಂಬರಿ ಬೇಕಾಗಿತ್ತು.

ನನ್ನ ಕೇಳಿದರೆ ನಮ್ಮ ಮಣ್ಣಿನಲ್ಲಿ ಸೈಕಲಾಜಿಕಲ್ ಥ್ರಿಲ್ಲರ್ ಬೇರು ಬಿಡುವುದು ಕಷ್ಟ. ಅದಕ್ಕೆ ಮುಚ್ಚಿದ ಬಾಗಿಲು, ಎಳೆದ ಪರದೆ, ಮಾತಾಡದ ನೆರೆಮನೆ ಬೇಕು. ಇಲ್ಲಿ ಬೀಡಿ ಬ್ರಾಂಚಿನಲ್ಲಿ ಕಟ್ಟು ಎಣಿಸಿ ಮುಗಿಯುವಷ್ಟರಲ್ಲಿ ಯಾರ ಕರಿಮಣಿ ಸೊಸೈಟಿಯಲ್ಲಿ ಅಡವಿದೆ, ದುಬೈಯಿಂದ ಬಂದ ಮಗ ರಜೆಗೆ ಬಂದದ್ದೋ ಕೆಲಸ ಹೋಗಿ ಬಂದದ್ದೋ, ಎಲ್ಲ ಇತ್ಯರ್ಥವಾಗಿರುತ್ತದೆ. ಬಸ್ಸಿನ ಕಂಡಕ್ಟರಿಗೆ ಯಾರು ಎಲ್ಲಿ ಹತ್ತಿದರು ಎಂಬುದಷ್ಟೇ ಅಲ್ಲ, ಯಾರು ಯಾರನ್ನು ಕಂಡು ಹಿಂದಿನ ಬಾಗಿಲಲ್ಲಿ ಇಳಿದರು ಎಂಬುದೂ ನೆನಪಿರುತ್ತದೆ. ಇವರ ನಡುವೆ ನಮ್ಮವನು ಬರೀ ಅಪ್ರೆಂಟಿಸು. ಅವನ ಪಟ್ಟಿಯಲ್ಲಿರುವವರಿಗೂ ಪಟ್ಟಿಯ ವಿಷಯ ಗೊತ್ತು. ಒಬ್ಬಾಕೆ ತನ್ನ ಹೆಸರು ಎಷ್ಟನೆಯದೆಂದು ಕೇಳಿಸಿದ್ದೂ ಉಂಟು.

ಮೊನ್ನೆ ಮೂಡುಬಿದಿರೆಯಲ್ಲಿ 'ಸ್ಪೆಷಲ್ ಕ್ಲಾಸ್' ಮುಗಿಸಿ ತಡವಾಗಿ ಬಂದ. ಅಮ್ಮ ಹಪ್ಪಳ ಕರಿಯುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ಗಡ್‌ಬಡ್ ಒಂದೇ ತಗೊಂಡದ್ದಂತೆ. ಮತ್ತೆ ಚಮಚ ಎರಡು ಎಂತಕ್ಕೆ ಮಗಾ?"