ಪಿಡಿಎಫ್ ಮಾಸ್ತರ

ಧಾರವಾಡದಲ್ಲಿ ನಿಂತು ಕಲ್ಲು ಬೀಸಿದರೆ ಅದು ಯಾರಾದರೊಬ್ಬ ಸಾಹಿತಿಯ ಮನೆ ಹಂಚಿನ ಮೇಲೆ ಬೀಳುತ್ತದೆ ಎಂಬ ಮಾತು ಹಳೆಯದು. ಈಗ ಸಪ್ತಾಪುರದಲ್ಲಿ ನಿಂತು ಬೀಸಿದರೆ ಕೋಚಿಂಗ್ ಕ್ಲಾಸಿನ ಫ್ಲೆಕ್ಸಿಗೆ ಬಡಿಯುತ್ತದೆ. ಆ ಫ್ಲೆಕ್ಸಿನಲ್ಲಿ ಕೋಟು ತೊಟ್ಟು, ಕೈಕಟ್ಟಿ, ಒಂದಿಷ್ಟೂ ನಗದೆ ನಿಮ್ಮನ್ನೇ ದಿಟ್ಟಿಸುತ್ತಿರುವವರೇ ಪಿಡಿಎಫ್ ಮಾಸ್ತರ. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಆದರೆ ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆಂದು ಊರೂರಿನಿಂದ ಬಂದು ರೂಮು ಹಿಡಿದು ಓದುವ ಹುಡುಗರು “ಸರ್, ಪಿಡಿಎಫ್ ಹಾಕ್ರಿ” ಎಂದು ಹಗಲೂ ರಾತ್ರಿ ದುಂಬಾಲು ಬಿದ್ದು ಈ ಹೆಸರನ್ನೇ ಖಾಯಂ ಮಾಡಿದ್ದಾರೆ. ವಿಜಯಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ, ಎಲ್ಲೆಡೆಯೂ ಇವರಿದ್ದಾರೆ.

2020ರ ಲಾಕ್‌ಡೌನಿನಲ್ಲಿ ಕ್ಲಾಸಿಗೆ ಬೀಗ ಬಿದ್ದಾಗ ಎಲ್ಲರಂತೆ ಇವರೂ ಯೂಟ್ಯೂಬ್ ಚಾನೆಲ್ ತೆರೆದು ಮೊಬೈಲಿನ ಮುಂದೆ ಕೂತರು. ಹಸಿರು ಪರದೆ ಬೇಕೆಂದು ಗೊತ್ತಾಗಿ ಮನೆಯವರ ಹಸಿರು ಇಳಕಲ್ ಸೀರೆ ಗೋಡೆಗೇರಿತು. ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಅಲ್ಲಿ ವಿಧಾನಸೌಧವನ್ನು ತಂದು ನಿಲ್ಲಿಸಿತು. ಕೆಂಪು ದಡಿ ಮಾತ್ರ ಅದರ ಕೈಲಿ ಅಳಿಸಲಾಗಲಿಲ್ಲ. ಹೀಗಾಗಿ ಸಂವಿಧಾನದ ಪಾಠದುದ್ದಕ್ಕೂ ವಿಧಾನಸೌಧದ ಗುಮ್ಮಟಕ್ಕೆ ಇಳಕಲ್ ದಡಿ. ಆಗ ಆ ಚಾನೆಲ್ಲಿನಲ್ಲಿ ಸ್ವಂತದ್ದು ಎಂದು ಕಣ್ಣಿಗೆ ಕಾಣುತ್ತಿದ್ದದ್ದು ಆ ಸೀರೆಯೊಂದೇ. ಅದೂ ಕೇಳದೆ ತಂದದ್ದು.

“ವಿದ್ಯಾ ಅನ್ನೂದು ಹಂಚಿದಷ್ಟೂ ಹೆಚ್ಚಾಗ್ತೈತಿ ನೋಡ್ರಿ” ಎಂಬುದು ಮಾಸ್ತರರ ಸಿದ್ಧಾಂತ. ಇನ್ನೊಬ್ಬರ ಪುಸ್ತಕ ಕೈಯಲ್ಲಿದ್ದಾಗ ಈ ಸಿದ್ಧಾಂತ ತಾನಾಗಿ ನಾಲಿಗೆಗೆ ಬರುತ್ತದೆ. ಪುಸ್ತಕವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರುತ್ತಾರೆ, ಅದರಲ್ಲಿ ಪ್ರಾಮಾಣಿಕರು. ಆದರೆ ಬರೆದವರ ಹೆಸರು, ಪ್ರಕಾಶಕರ ವಿಳಾಸ, ಹಕ್ಕುಗಳ ವಿವರ ಇರುವ ಪುಟ ಯಾವತ್ತೂ ಸ್ಕ್ಯಾನ್ ಆಗುವುದಿಲ್ಲ. ಸೀದಾ ಅಧ್ಯಾಯ ಒಂದರಿಂದ ಆರಂಭ. ಮೊಬೈಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಪುಟ ಅದುಮುವುದರಿಂದ ಪ್ರತಿ ಪುಟದ ಮೂಲೆಯಲ್ಲೂ ಮಾಸ್ತರರ ಹೆಬ್ಬೆರಳು ಅಚ್ಚಾಗಿರುತ್ತದೆ. ಏಕಲವ್ಯ ಗುರುವಿಗೆ ಕೊಟ್ಟದ್ದು ಒಂದೇ ಹೆಬ್ಬೆರಳು. ಇಲ್ಲಿ ಗುರುವೇ ಶಿಷ್ಯರಿಗೆ ಪುಟಕ್ಕೊಂದರಂತೆ ಕೊಡುತ್ತಾರೆ.

ಅದರ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಚಾನೆಲ್ಲಿನ ಹೆಸರು, ಫೋನ್ ನಂಬರು, “ನಕಲು ಮಾಡಿದರೆ ಕಾನೂನು ಕ್ರಮ” ಎಂಬ ಎಚ್ಚರಿಕೆ. ಈ ವಾಟರ್‌ಮಾರ್ಕನ್ನು ದಾಟಿ ಪಾಠ ಓದುವುದೇ ಒಂದು ಪರೀಕ್ಷೆ. ಕಣ್ಣು ಕಿರಿದು ಮಾಡಿ ನೋಡಿದರೆ ಇವರ ಹೆಸರಿನ ಕೆಳಗೆ ಮಸುಕಾಗಿ ಬೆಂಗಳೂರಿನ ಇನ್ನೊಂದು ಕ್ಲಾಸಿನ ಹೆಸರು, ಅದರ ಕೆಳಗೆ ಮತ್ತೂ ಮಸುಕಾಗಿ ಯಾರದೋ ನಂಬರು ಕಾಣುತ್ತವೆ. ಯಾವ ಪ್ರತಿಯಿಂದ ಯಾವ ಪ್ರತಿ ಇಳಿದುಬಂತು ಎಂದು ಗ್ರಂಥಸಂಪಾದಕರು ಪತ್ತೆ ಹಚ್ಚುವುದು ಸಮಾನ ದೋಷಗಳಿಂದ. ಆ ವಿದ್ಯೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಮೊದಲು ಟೈಪು ಮಾಡಿದ ಪುಣ್ಯಾತ್ಮ ಯಾರೋ 540 ಎಂದು ಒತ್ತಿದ. ಇವತ್ತಿಗೂ ಎಲ್ಲ ಕ್ಲಾಸುಗಳ “ಸ್ವಂತ” ನೋಟ್ಸಿನಲ್ಲಿ ಹಲ್ಮಿಡಿ 540ರಲ್ಲೇ ನಿಂತಿದೆ. 450 ಎಂಬ ಸಂಗತಿಗೆ ಯಾರೂ ಒಡೆಯರಲ್ಲ, ಸಂಗತಿಗಳಿಗೆ ಕಾಪಿರೈಟ್ ಇಲ್ಲ. ಅದೇ ತಪ್ಪು, ಅದೇ ಸಾಲು, ಅದೇ ಅಲ್ಪವಿರಾಮ ಹತ್ತು ಕಡೆ ಸಿಕ್ಕರೆ ಮಾತ್ರ ಕೋರ್ಟಿನಲ್ಲಿ ಸಾಕ್ಷಿ ಬೇರೆ ಹುಡುಕಬೇಕಾಗಿಲ್ಲ.

ವಿಡಿಯೊ ವಿಷಯದಲ್ಲಿ ಮಾಸ್ತರರ ತಂತ್ರ ಇನ್ನೂ ಒಂದು ಕೈ ಮೇಲು. ಚಾನೆಲ್ಲಿನ ಆರಂಭಕ್ಕೆ ಸಿನಿಮಾ ಹಾಡಿನ ಹಿನ್ನೆಲೆ ಬೇಕೇ ಬೇಕು. “ಹತ್ತ ಸೆಕೆಂಡ್ ಹಾಕಿದ್ರ ಏನೂ ಆಗೂದಿಲ್ಲರಿ” ಎಂದು ಅವರಿಗೆ ಯಾರೋ ಹೇಳಿದ್ದಾರೆ. ಹಾಗೆ ಸೆಕೆಂಡು ಎಣಿಸಿ ಬಿಡುವ ಕಲಮು ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಯಂತ್ರಕ್ಕಂತೂ ಹಾಡಿನ ಗುರುತು ಹತ್ತಲು ಅಷ್ಟು ಹೊತ್ತೂ ಬೇಕಾಗುವುದಿಲ್ಲ. ಹಾಡು ಸಿಕ್ಕಿಬಿತ್ತು, ಆ ವಿಡಿಯೊದ ಜಾಹೀರಾತಿನ ದುಡ್ಡು ಹಾಡಿನ ಕಂಪನಿಗೆ ಹೋಯಿತು. ಅಲ್ಲಿಂದ ಮಾಸ್ತರ ಜಾಣರಾದರು. ಭಾರತದ ನದಿಗಳ ಬಗ್ಗೆ ಯಾರೋ ಕಷ್ಟಪಟ್ಟು ತೆಗೆದ ಸಾಕ್ಷ್ಯಚಿತ್ರವನ್ನು, ಯಂತ್ರಕ್ಕೆ ಗುರುತು ಸಿಗದಿರಲೆಂದು, ಕನ್ನಡಿಯಲ್ಲಿ ಕಂಡಂತೆ ತಿರುವಿ ಹಾಕಿದರು. ಮಂಗಳೂರು ಬಂಗಾಳ ಕೊಲ್ಲಿಯ ದಂಡೆಗೆ ಬಂತು, ಚೆನ್ನೈ ಅರಬ್ಬಿ ಸಮುದ್ರದಲ್ಲಿ ಕಾಲು ತೊಳೆದುಕೊಂಡಿತು. ಕೃಷ್ಣೆ, ಗೋದಾವರಿ, ಕಾವೇರಿ ಮೂವರೂ ಶಿಸ್ತಾಗಿ ಪಶ್ಚಿಮಕ್ಕೆ ಹರಿದರು. ಕೆಳಗೆ ಹುಡುಗನೊಬ್ಬ ವಿನಯದಿಂದ ಬರೆದಿದ್ದ: “ಸರ್, ಪಶ್ಚಿಮಕ್ಕ ಹರಿಯೂ ನದಿ ಯಾವು ಅಂತ ಪ್ರಶ್ನೆ ಬಂದ್ರ ನಿಮ್ಮ ಪ್ರಕಾರ ಬರೀಬೇಕ್ರಿ, ಪುಸ್ತಕದ ಪ್ರಕಾರ ಬರೀಬೇಕ್ರಿ?”

ಆ ಚಿತ್ರದವರು ದೂರು ಕೊಟ್ಟು ಸ್ಟ್ರೈಕ್ ಬಂದಾಗ ಮಾಸ್ತರ ಅದು ಬೆಂಗಳೂರಿನವರ ಕುತಂತ್ರ ಎಂದರು. ತೊಂಬತ್ತು ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ಯೂಟ್ಯೂಬು “ಕಾಪಿರೈಟ್ ಸ್ಕೂಲ್” ಎಂಬುದನ್ನು ಇಟ್ಟಿದೆ, ಕೂತು ಪ್ರಶ್ನೆಗೆ ಉತ್ತರ ಕೊಟ್ಟು ಪಾಸಾಗಬೇಕು. ಸಾವಿರಾರು ಮಂದಿಗೆ ಮಾಕ್ ಟೆಸ್ಟ್ ಮಾಡಿಸುವ ಮಾಸ್ತರ ಆ ಪರೀಕ್ಷೆಗೆ ಒಬ್ಬ ಶಿಷ್ಯನನ್ನು ಕೂರಿಸಿದರು. ಹುಡುಗ ಪಾಸಾದ, ತೊಂಬತ್ತು ದಿನ ಕಳೆದ ಮೇಲೆ ಮಾಸ್ತರರಿಗೆ ಮಾಫಿಯಾಯಿತು.

ಪಾಸಾದ ಶಿಷ್ಯನೇ ಒಂದು ಉಪಾಯ ಹೇಳಿಕೊಟ್ಟ. ಅಂದಿನಿಂದ ಪ್ರತಿ ವಿಡಿಯೊದ ಕೆಳಗೂ ಉದ್ದನೆಯ ಇಂಗ್ಲಿಷ್ ಹೇಳಿಕೆ: 1976ರ ಕಾಪಿರೈಟ್ ಕಾಯ್ದೆಯ 107ನೇ ಕಲಮಿನಡಿ ಇದು ನ್ಯಾಯಯುತ ಬಳಕೆ. ಓದಿದವರು ಬೆದರಬೇಕು, ಹಾಗಿದೆ ಗತ್ತು. ತೊಂದರೆ ಏನೆಂದರೆ ಅದು ಅಮೆರಿಕದ ಕಾಯ್ದೆ. ಸಪ್ತಾಪುರದ ಮಾಳಿಗೆ ಮನೆಯಲ್ಲಿ ಕೂತು, ಕೆಎಎಸ್ ಹುಡುಗರಿಗೆ ಕರ್ನಾಟಕದ ಇತಿಹಾಸ ಹೇಳುವ ಮಾಸ್ತರ ರಕ್ಷಣೆಗಾಗಿ ವಾಷಿಂಗ್ಟನ್ನಿನ ಬಾಗಿಲು ತಟ್ಟುತ್ತಾರೆ.

ಒಂದು ಸಂಜೆ ಗಿರ್ಮಿಟ್ ಅಂಗಡಿಯಲ್ಲಿ ಇವರ ಪಕ್ಕ ಒಬ್ಬ ಹಿರಿಯ ವಕೀಲರು ಕೂತರು. ಮಾಸ್ತರ ಮಿರ್ಚಿ ಮುರಿಯುತ್ತ ತಮ್ಮ ವಾದ ಮಂಡಿಸಿದರು.

“ಅಲ್ರೀ ವಕೀಲ್ ಸಾಹೇಬ್ರ, ಗೂಗಲ್‌ನ್ಯಾಗ ಸಿಕ್ಕೈತಿ ಅಂದ್ರ ಅದು ಎಲ್ಲಾರ್ದೂ ಅಲ್ಲೇನ್ರಿ?”

“ಸಿಬಿಟಿ ಬಸ್‌ಸ್ಟ್ಯಾಂಡ್ ಮುಂದ ನಿಂತ ಸ್ಕೂಟರೂ ಎಲ್ಲಾರಿಗೂ ಕಾಣ್ತೈತಿ. ಹಂಗಂತ ಕಿಲ್ಲಿ ತಿರುವಿ ಹೊಂಟ್ ಬಿಡ್ತೀರೇನು?”

“ಹೋಗ್ಲಿ ಬಿಡ್ರಿ. ಬೇಂದ್ರೆ ಅಜ್ಜಾರು ನಮ್ಮ ಸಾಧನಕೇರಿಯವ್ರು. ಅವರ ಪದ್ಯ ಹಾಕಾಕ ನಮ್ಮ ಧಾರವಾಡದಾವ್ರಿಗೆ ಯಾರನ್ನ ಕೇಳೂದೈತಿ?”

ವಕೀಲರು ಚಹಾದ ಕಪ್ಪು ಕೆಳಗಿಟ್ಟು ಲೆಕ್ಕ ಹೇಳಿದರು. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041 ಮುಗಿಯುವವರೆಗೆ. ಡಿ.ವಿ.ಜಿ. 1975, ಆದ್ದರಿಂದ 2035ರ ಕೊನೆಯವರೆಗೆ. ಕುವೆಂಪು 1994, ಅಂದರೆ 2054ರವರೆಗೆ. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ, ಅವರ ಬರಹ 2024ರಿಂದ ಎಲ್ಲರದು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರದು 2025ರಿಂದ. “ಬಸವಣ್ಣನವರ ವಚನ ಬೇಕಾದಷ್ಟು ಹಾಕ್ರಿ, ಯಾರೂ ಕೇಳಂಗಿಲ್ಲ. ಆದ್ರ ಮೊನ್ನೆ ಮೊನ್ನೆ ಒಬ್ರು ಅದಕ್ಕ ಬರದ ಅರ್ಥಾ, ಟಿಪ್ಪಣಿ ಐತೆಲ್ಲ, ಅದು ಅವರದು.”

“ಹಂಗಾರ ಮಾಸ್ತರಕಿ ಬಿಟ್ಟು ಮಿರ್ಚಿ ಕರೀಲೇನ್ರಿ?” ಎಂದು ಮಾಸ್ತರ ಮುನಿಸಿಕೊಂಡರು.

ಮುನಿಸಿಗೆ ಕಾರಣವೇ ಇರಲಿಲ್ಲ. ಮಾಸ್ತರರಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಮ್ಮ 1957ರ ಕಾಯ್ದೆ ಮಾಸ್ತರರ ಪಕ್ಷವನ್ನೇ ಹಿಡಿದಿದೆ. 52ನೇ ಕಲಮಿನಲ್ಲಿ ಶಿಕ್ಷಕರಿಗೆಂದೇ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಪಾಠ ಹೇಳುವ ಓಘದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಒಂದು ಕೃತಿಯಿಂದ ಪ್ರತಿ ಮಾಡಿಕೊಂಡರೆ ತಪ್ಪಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಹಾಕಿದರೆ ತಪ್ಪಿಲ್ಲ, ಉತ್ತರದಲ್ಲಿ ಬರೆದರೂ ತಪ್ಪಿಲ್ಲ. ಕೋರ್ಟಿನ ತೀರ್ಪುಗಳನ್ನು ಬಳಸಬಹುದು. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ, 2009ರಲ್ಲಿ, ಮಣಿಪಾಲದ ಶಿಕ್ಷಣ ಸಂಸ್ಥೆಯ ವಿರುದ್ಧದ ತಡೆಯಾಜ್ಞೆಯನ್ನು ಉಳಿಸಿದ ಕೋರ್ಟೇ, 52ನೇ ಕಲಮಿನ ಕಟ್ಟುಪಾಡಿನೊಳಗೆ ಆಡಿದರೆ ಆ ತಡೆ ತಾಗುವುದಿಲ್ಲ ಎಂದು ಸೇರಿಸಿತು.

ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಕೇಸು ಮಾಸ್ತರರಿಗೆ ಬಾಯಿಪಾಠ. ಆದರೆ ಬಹು ಆಯ್ಕೆ ಪ್ರಶ್ನೆಯ ಉತ್ತರದಷ್ಟೇ: ಅಂಗಡಿ ಗೆದ್ದಿತು, ಪ್ರಕಾಶಕರು ಸೋತರು. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂವರೂ 2012ರಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಮೇಲೆ ಹೂಡಿದ ದಾವೆ ಅದು. 2016ರಲ್ಲಿ ದೆಹಲಿ ಹೈಕೋರ್ಟು ಶಿಕ್ಷಣದ ಕಡೆ ನಿಂತಿತು, ಮರುವರ್ಷ ಪ್ರಕಾಶಕರು ದಾವೆ ವಾಪಸು ಪಡೆದರು. ಆದರೆ ಅಲ್ಲಿ ಪ್ರತಿ ಆದದ್ದು ಪಠ್ಯಕ್ರಮ ಹೇಳಿದ ಅಧ್ಯಾಯಗಳು, ಪಡೆದವರು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಬರೆದವರ ಹೆಸರನ್ನು ಅಳಿಸಿ ತಮ್ಮ ಹೆಸರು ಬಳಿಯಬಹುದು ಎಂದಾಗಲಿ, ಇಡೀ ಪುಸ್ತಕವನ್ನು “ವಿಐಪಿ ಬ್ಯಾಚ್, ಬರೀ 299 ರೂಪಾಯಿ” ಎಂದು ಟೆಲಿಗ್ರಾಮಿನಲ್ಲಿ ಲೋಕಕ್ಕೆಲ್ಲ ಮಾರಬಹುದು ಎಂದಾಗಲಿ ಆ ತೀರ್ಪಿನ ಯಾವ ಪುಟದಲ್ಲೂ ಇಲ್ಲ. ಎನ್‌ಸಿಇಆರ್‌ಟಿ ಪುಸ್ತಕವೂ ಅಷ್ಟೆ. ಜಾಲತಾಣದಲ್ಲಿ ಓದಲು ಉಚಿತ, ಅಚ್ಚು ಹಾಕಿ ಮಾರಲು ಅಪ್ಪಣೆ ಬೇಕು.

ಮಾಸ್ತರರ ಕಾನೂನು ಜ್ಞಾನ ಪೂರ್ತಿ ಅರಳಿದ್ದು ಅವರ ಪಿಡಿಎಫ್ ಸೋರಿಹೋದ ರಾತ್ರಿ. ವಿಐಪಿ ಬ್ಯಾಚಿನವನೇ ಒಬ್ಬ ಅದನ್ನು ಪುಕ್ಕಟೆ ಗ್ರೂಪಿಗೆ ಹಾಕಿಬಿಟ್ಟಿದ್ದ. ಹಂಚಿದಷ್ಟೂ ಹೆಚ್ಚಾಗುವ ವಿದ್ಯೆ ಆ ರಾತ್ರಿ ಭಯಂಕರ ವೇಗದಲ್ಲಿ ಹೆಚ್ಚಾಗುತ್ತಿತ್ತು. ಹತ್ತು ಗಂಟೆಗೆ ಮಾಸ್ತರ ಲೈವ್ ಬಂದರು. ಹಿಂದೆ ವಿಧಾನಸೌಧ, ಇಳಕಲ್ ದಡಿ. “63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು! ಐವತ್ತು ಸಾವಿರದಿಂದ ಎರಡು ಲಕ್ಷ ದಂಡಾ! ಹಗಲೂ ರಾತ್ರಿ ದುಡಿದು ಮಾಡಿದ ನೋಟ್ಸ್ ಅದು, ನನ್ನ ಬೆವರು!” ಶಿಕ್ಷೆಯ ಕಲಮು ಅಕ್ಷರ ತಪ್ಪದೆ ಬಂತು. ಲೈವಿನ ಕೆಳಗೆ ಒಬ್ಬ ಬರೆದ: “ಬೆವರು ಕಾಣವಲ್ದ್ರಿ ಸರ್, ಹೆಬ್ಬೆಟ್ಟ ಮಾತ್ರ ಕಾಣಾಕತ್ತೈತಿ.”

ಅವನನ್ನು ಬ್ಲಾಕ್ ಮಾಡಲಾಯಿತು. ಆದರೂ ನ್ಯಾಯ ಹೇಳಬೇಕೆಂದರೆ ಮಾಸ್ತರರಿಗೆ ಸ್ವಂತದ್ದು ಇದೆ. ನದಿಗಳ ಕ್ರಮ ನೆನಪಿಡಲು ಅವರು ಕಟ್ಟಿದ ಒಂದು ತಮಾಷೆಯ ಸಾಲನ್ನು ರಾಯಚೂರಿನ ಹುಡುಗಿಯೂ ಕಾರವಾರದ ಹುಡುಗನೂ ಪರೀಕ್ಷಾ ಹಾಲಿನಲ್ಲಿ ಗುನುಗಿಕೊಳ್ಳುತ್ತಾರೆ. ಸಂವಿಧಾನದ 32ನೇ ವಿಧಿಯನ್ನು ಹಳ್ಳಿಯ ಪಂಚಾಯ್ತಿ ಜಗಳವೊಂದರ ಕತೆ ಮಾಡಿ ಅವರು ಹೇಳುವ ಬಗೆ ಯಾವ ಪುಸ್ತಕದಲ್ಲೂ ಇಲ್ಲ. ಹುಡುಗರು ಕೂತು ಕೇಳುವುದು ಅದಕ್ಕೆ. ಕಾಯ್ದೆಯೂ ಅದನ್ನು ಗೌರವಿಸುತ್ತದೆ. ನೋಂದಣಿ ಬೇಡ, ಅರ್ಜಿ ಬೇಡ, ದಾಖಲಾದ ಕ್ಷಣದಿಂದ ಅದು ಅವರದು. ಪ್ರದರ್ಶಕರೆಂದರೆ ಯಾರು ಎಂದು ಹೇಳುವಲ್ಲಿ ಕಾಯ್ದೆ ನಟ, ಗಾಯಕ, ನರ್ತಕ, ದೊಂಬರಾಟದವ, ಜಾದೂಗಾರ, ಹಾವಾಡಿಗ ಎಂದು ಪಟ್ಟಿ ಮಾಡುತ್ತ ಹೋಗಿ, ಹಾವಾಡಿಗನ ಪಕ್ಕದಲ್ಲೇ ಉಪನ್ಯಾಸ ಮಾಡುವವರನ್ನು ಕೂರಿಸಿದೆ. ಅವರ ಹಕ್ಕಿಗೆ 50 ವರ್ಷ ಆಯುಸ್ಸು. ವಕೀಲರು ಇದನ್ನು ಹೇಳಿದಾಗ ಮಾಸ್ತರರಿಗೆ ಹಾವಾಡಿಗನ ನೆರೆ ಅಷ್ಟಾಗಿ ರುಚಿಸಲಿಲ್ಲ. ಐವತ್ತು ವರ್ಷ ರುಚಿಸಿತು.

ಅಲ್ಲಿಗೆ ಮಾಸ್ತರರ ಕೊರತೆ ಯಾವುದೆಂದು ಸ್ಪಷ್ಟ. ಕದಿಯುವ ಬುದ್ಧಿ ಅಷ್ಟಾಗಿ ಅಲ್ಲ, ತನ್ನದು ಎಷ್ಟು, ಪರರದು ಎಷ್ಟು ಎಂಬ ಗೆರೆ ಎಳೆಯಲು ಸೋಮಾರಿತನ. ಕೃತಿ ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಲೇಖಕರಿಗೆ ಪ್ರತ್ಯೇಕವಾಗಿಯೇ ಕೊಟ್ಟಿದೆ, ಕಾಪಿರೈಟ್ ಮಾರಿದ ಮೇಲೂ ಅದು ಉಳಿಯುತ್ತದೆ. ಅದನ್ನು ಗೌರವಿಸಲು ಮಾಸ್ತರರಿಗೆ ಆಗುವ ಖರ್ಚು ಒಂದು ಸಾಲು: ಇಂಥವರ ಇಂಥ ಪುಸ್ತಕದಿಂದ. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ವಿಕಿಪೀಡಿಯ ಇದೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಾವಿರಾರು ಚಿತ್ರ, ನಕ್ಷೆ, ಪಾಠಗಳಿವೆ. ಅಲ್ಲಿಯೂ ಕೇಳುವುದು ಮುಖ್ಯವಾಗಿ ಅದೇ ಒಂದು ಸಾಲು.

ಇನ್ನು ನಿಮಗೊಂದು ಮಾತು. ನಿಮ್ಮ ಮಗನ ಮೊಬೈಲಿಗೂ ಇಂಥದೊಂದು ಪಿಡಿಎಫ್ ಬಂದೇ ಇರುತ್ತದೆ. ತೆರೆದು ಬರೆದವರ ಹೆಸರು ಹುಡುಕಿ. ಸಿಗದಿದ್ದರೆ “ಸರ್, ಇದು ಯಾರು ಬರೆದದ್ದು?” ಎಂದು ಮಾಸ್ತರರನ್ನು ಗ್ರೂಪಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಕೇಳಲು ಹೇಳಿ. 63ನೇ ಕಲಮಿಗೂ ಸ್ಟ್ರೈಕಿಗೂ ಬಗ್ಗದ ಮಾಸ್ತರ ಆ ಪ್ರಶ್ನೆಗೆ ಬಗ್ಗುತ್ತಾರೆ.