ವಿಕ್ರಯಪೂರ್ವ ಅಗ್ನಿಶೀತ ಮೀಮಾಂಸೆ

ಶಿಕಾಗೋ ಕನ್ನಡಿಗರ ಸಂಘಕ್ಕೆ ವಿದ್ಯಾರಣ್ಯ ಕನ್ನಡ ಕೂಟ ಎಂದು ಹೆಸರು. ವಿದ್ಯಾರಣ್ಯರದೆಂದು ಪರಂಪರೆ ಹೇಳುವ ‘ಸರ್ವದರ್ಶನಸಂಗ್ರಹ’ ಹದಿನಾರು ದರ್ಶನಗಳನ್ನು ಒಂದೊಂದಾಗಿ ಎತ್ತಿ, ತೂಗಿ, ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ. ಆ ಹೆಸರಿನ ಕೂಟದ ಸೀಮೆಯಲ್ಲೇ, ನೇಪರ್‌ವಿಲ್, ಅರೋರಾ ಕಡೆಯ ಬೇಸ್‌ಮೆಂಟುಗಳಲ್ಲಿ, ಹದಿನೇಳನೆಯ ದರ್ಶನವೊಂದು ಧೂಳು ಹಿಡಿದ ಫಿಲ್ಟರಿನ ಹಿಂದೆ ಇಷ್ಟು ಕಾಲ ಗೊಣಗುತ್ತ ಕೂತಿದ್ದರೂ ಪಂಡಿತರ ಕಿವಿಗೆ ಬಿದ್ದಿಲ್ಲ. ಮನೆ ಮಾರುವ ಮುನ್ನ ಹಳೆಯ ಫರ್ನೇಸನ್ನೂ ಎಸಿಯನ್ನೂ ಬದಲಿಸಬೇಕೇ, ಬದಲಿಸುವುದಾದರೆ ಯಾವುದನ್ನು ತರಬೇಕು ಎಂಬುದು ಅದರ ವಿಷಯ. ವಾಙ್ಮಯದ ಈ ಕೊರತೆಯನ್ನು ತುಂಬುವ ಹೊಣೆ ಬೇರೆ ಯಾರೂ ಹೊರದ ಕಾರಣ ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ.

ಶಾಸ್ತ್ರವೆಂದ ಮೇಲೆ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ಮಕ್ಕಳು ಕಾಲೇಜಿಗೆ ಹೋಗಿ ನಾಲ್ಕು ಬೆಡ್‌ರೂಮುಗಳು ಬಿಕೋ ಎನ್ನುತ್ತಿರುವವನು, ಹಿಮ ಗೋರಿ ಗೋರಿ ಸೊಂಟ ಹೋಗಿ ಟೆಕ್ಸಾಸಿನ ಕಡೆ ಮುಖ ಮಾಡಿದವನು, ಮನೆಯ ಫರ್ನೇಸು ತನ್ನ ಹಿರಿಯ ಮಗಳಿಗಿಂತ ಹಿರಿಯದೆಂದು ಬಲ್ಲವನು ಇದಕ್ಕೆ ಅಧಿಕಾರಿ. ಬಾಡಿಗೆ ಮನೆಯವರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ಮನೆ ಮಾಲೀಕರಿಗೆ ಫೋನ್ ಮಾಡಿ, ಕಂಬಳಿ ಹೊದ್ದು, ಸುಖವಾಗಿರತಕ್ಕದ್ದು.

ಊರಿನಲ್ಲಿರುವ ಓದುಗರಿಗಾಗಿ ಒಂದು ಲಘು ಟಿಪ್ಪಣಿ. ಬೆಂಗಳೂರಿನಲ್ಲಿ ಮನೆ ಕೊಳ್ಳಲು ಬಂದವರು ಖಾತಾ ಕೇಳುತ್ತಾರೆ, ಇಸಿ ಕೇಳುತ್ತಾರೆ, ಕಾವೇರಿ ನೀರು ಬರುತ್ತದೆಯೇ ಎನ್ನುತ್ತಾರೆ. ಇಲ್ಲಿ ಕೇಳುವುದು ಫರ್ನೇಸಿನ ವಯಸ್ಸನ್ನು. ನೆಲಮಾಳಿಗೆಯಲ್ಲಿ ನಿಂತು ಗ್ಯಾಸ್ ಸುಟ್ಟು, ಬಿಸಿಗಾಳಿಯನ್ನು ತಗಡಿನ ಕೊಳವೆಗಳಲ್ಲಿ ಮನೆಯಿಡೀ ಊದುವ ಯಂತ್ರ ಅದು. ಅದರ ನೆತ್ತಿಯ ಮೇಲೆ ಎಸಿಯ ಕಾಯಿಲ್ ಕೂತಿರುತ್ತದೆ. ಎಸಿಯ ಉಳಿದರ್ಧ ಹಿತ್ತಿಲಿನಲ್ಲಿ ಸಿಮೆಂಟಿನ ಹಲಗೆಯ ಮೇಲೆ. ಚಳಿಗಾಲದಲ್ಲಿ ಬಿಸಿ ಹೋದ ದಾರಿಯಲ್ಲೇ ಬೇಸಿಗೆಯಲ್ಲಿ ತಂಪು ಹೋಗುತ್ತದೆ. 1985ರ ಜನವರಿ 20ರಂದು ಶಿಕಾಗೋದಲ್ಲಿ ಸೊನ್ನೆಗಿಂತ 27 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ನಮ್ಮ ಲೆಕ್ಕದಲ್ಲಿ ಮೈನಸ್ 33 ಸೆಲ್ಸಿಯಸ್, ದಾಖಲಾಗಿತ್ತು. ಅಂಥ ಊರಿನಲ್ಲಿ ಈ ಪ್ರಶ್ನೆಯನ್ನು ಕುಚೋದ್ಯವೆಂದು ಯಾರೂ ತಿಳಿಯುವುದಿಲ್ಲ.

ಈಗ ಪ್ರಮಾಣ ವಿಚಾರ. ಫರ್ನೇಸಿನ ವಯಸ್ಸನ್ನು ತಿಳಿಯುವುದು ಹೇಗೆ? ಪ್ರತ್ಯಕ್ಷದಿಂದ, ಎಂದು ಉತ್ತರ. ಬಾಗಿಲ ಒಳಮೈಯಲ್ಲಿ ಅಂಟಿಸಿದ ಚೀಟಿಯಲ್ಲಿ ಸೀರಿಯಲ್ ನಂಬರಿದೆ, ಅದರೊಳಗೆ ತಯಾರಾದ ಇಸವಿ ಅಡಗಿದೆ. ಒಂದೊಂದು ಕಂಪನಿಗೂ ಅಡಗಿಸುವ ಸಂಕೇತ ಬೇರೆ. ಮನೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಅದನ್ನು ಟಾರ್ಚ್ ಹಿಡಿದು ಅರೆಕ್ಷಣದಲ್ಲಿ ಓದುತ್ತಾನೆ. ಅನುಮಾನ ಪ್ರಮಾಣ ಮಾತ್ರ ಇಲ್ಲಿ ಕೈಕೊಡುತ್ತದೆ. ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಬೆಟ್ಟವನ್ನು ತೋರಿಸಿ ತಾರ್ಕಿಕರು ಶತಮಾನಗಳಿಂದ ಪಾಠ ಹೇಳಿದ್ದಾರೆ. ಸರಿಯಾಗಿ ಉರಿಯುವ ಫರ್ನೇಸಿನಲ್ಲಿ ಬೆಂಕಿಯುಂಟು, ಕಣ್ಣಿಗೆ ಕಾಣುವ ಹೊಗೆಯಿಲ್ಲ. ಕೆಟ್ಟು ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೀಗಾಗಿ ಇಲಿನಾಯ್ ರಾಜ್ಯ ಮಲಗುವ ಕೋಣೆಗಳಿಂದ 15 ಅಡಿಯೊಳಗೆ ಕೂಗುವ ಅಲಾರಮ್ಮನ್ನು ಕಡ್ಡಾಯ ಮಾಡಿ ಶಬ್ದಪ್ರಮಾಣವನ್ನೇ ಎತ್ತಿಹಿಡಿದಿದೆ.

ಪೂರ್ವಪಕ್ಷ ಹೀಗೆ. ಯಂತ್ರ ಇನ್ನೂ ಓಡುತ್ತಿದೆ. ಓಡುವ ಕುದುರೆಯನ್ನು ಬದಲಿಸಿದವರುಂಟೇ? ಕೊಳ್ಳಲು ಬಂದವರು ತಕರಾರು ತೆಗೆದರೆ ಕ್ಲೋಸಿಂಗ್ ದಿನ ಬೆಲೆಯಲ್ಲಿ ಒಂದಿಷ್ಟು ಕ್ರೆಡಿಟ್ ಕೊಟ್ಟು ಕೈತೊಳೆದುಕೊಂಡರಾಯಿತು. ಈ ಪಕ್ಷದ ಪರವಾಗಿ ಅತ್ಯಂತ ಬಲವಾದ ಆಪ್ತವಾಕ್ಯ ಅಡುಗೆಮನೆಯಿಂದ ಬರುತ್ತದೆ: “ರೀ, ನಾವು ಇಷ್ಟು ವರ್ಷ ಸ್ವೆಟರ್ ಹಾಕ್ಕೊಂಡು ಉಪ್ಪಿಟ್ಟು ಕೆದಕಿದಾಗ ಬರದ ಮೆಷಿನ್ನು, ಯಾರೋ ಗೊತ್ತಿಲ್ಲದೋರಿಗೆ ಈಗ ಬರತ್ತಾ?” ಇದಕ್ಕೆ ಯಾವ ಭಾಷ್ಯಕಾರನೂ ಸಮಾಧಾನ ಬರೆದಿಲ್ಲ, ಬರೆಯುವುದೂ ಇಲ್ಲ.

ಉಳಿದ ಭಾಗಕ್ಕೆ ಮಾತ್ರ ಸಮಾಧಾನವುಂಟು. ಇಲಿನಾಯ್‌ನಲ್ಲಿ ಮಾರುವವನು ಒಂದು ಫಾರಂ ತುಂಬಬೇಕು. ಬಿಸಿ, ತಂಪು, ಗಾಳಿ ವ್ಯವಸ್ಥೆಯಲ್ಲಿ ತನಗೆ ಗೊತ್ತಿರುವ ದೊಡ್ಡ ದೋಷವಿದ್ದರೆ ಅದರಲ್ಲಿ ಹೇಳಬೇಕು. ವಯಸ್ಸು ದೋಷವಲ್ಲ, ಬಿರುಕುಬಿಟ್ಟ ಹೀಟ್ ಎಕ್ಸ್‌ಚೇಂಜರ್ ದೋಷ. ಅದು ಗೊತ್ತಿದ್ದೂ ಮೌನವ್ರತ ಹಿಡಿದವನಿಗೆ ಪರಲೋಕದವರೆಗೆ ಕಾಯುವ ಅಗತ್ಯವಿಲ್ಲ, ಇಲ್ಲಿನ ಕೋರ್ಟಿನಲ್ಲೇ ಫಲ ಪ್ರಾಪ್ತಿ. ಇನ್ನು ಕ್ರೆಡಿಟ್ಟಿನ ಮಾತು. ಕೊಳ್ಳುವವನು ಲೆಕ್ಕ ಹಾಕುವುದು ಯಂತ್ರದ ಬೆಲೆಯನ್ನಲ್ಲ, ತನ್ನ ಭಯದ ಬೆಲೆಯನ್ನು. ಜನವರಿಯ ರಾತ್ರಿ ಎರಡು ಗಂಟೆಗೆ ಫರ್ನೇಸು ನಿಂತು, ಮಗು ಅತ್ತು, ಪೈಪು ಒಡೆಯುವ ದೃಶ್ಯ ಅವನ ಕಣ್ಣ ಮುಂದೆ ಹಾಯುತ್ತದೆ. ಆ ದೃಶ್ಯಕ್ಕೆ ಕೊಟೇಶನ್ ಕೊಡುವ ಕಂಟ್ರಾಕ್ಟರ್ ಇಲ್ಲ. ಸಾಲದ ಬ್ಯಾಂಕಿನವರೂ ಬೇಕಾದಷ್ಟು ಕ್ರೆಡಿಟ್ ಕೊಡಲು ಬಿಡುವುದಿಲ್ಲ, ಮಿತಿಯಿದೆ.

ಬದಲಿಸುವುದೇ ಸರಿಯೆಂದು ಇಟ್ಟುಕೊಂಡರೆ, ಯಾವುದನ್ನು? ಇಲ್ಲಿಂದ ಕಂಟ್ರಾಕ್ಟರ್ ಪಂಥದ ಪ್ರವೇಶ. ಟ್ಯಾಬ್ಲೆಟ್ ಹಿಡಿದ ಯುವಕ ಅಡುಗೆಮನೆಯ ಮೇಜಿನಲ್ಲಿ ಕೂತು ಮೂರು ಬೆಲೆ ತೋರಿಸುತ್ತಾನೆ. ತಮೋಗುಣದ್ದು, ರಜೋಗುಣದ್ದು, ಸತ್ತ್ವಗುಣದ್ದು. ಸತ್ತ್ವಗುಣದ್ದರ ಬೆಲೆ ಕೇಳಿದರೆ ವೈರಾಗ್ಯ ಬರುತ್ತದೆ. ತಮೋಗುಣದ್ದು ನೂರು ಡಾಲರ್ ಗ್ಯಾಸಿನಲ್ಲಿ 80 ಡಾಲರ್‌ನಷ್ಟನ್ನು ಮನೆಗೆ ಕೊಟ್ಟು 20ನ್ನು ಚಿಮಣಿಯ ಮೂಲಕ ಆಕಾಶಕ್ಕೆ ಅರ್ಪಿಸುತ್ತದೆ. ಸತ್ತ್ವಗುಣದ್ದು 96ನ್ನು ಉಳಿಸಿಕೊಂಡು ನಾಲ್ಕನ್ನು ಮಾತ್ರ ಬಿಡುತ್ತದೆ. ಹೊಗೆಯಲ್ಲಿ ಓಡಿಹೋಗುವ ಶಾಖವನ್ನು ಎರಡನೆಯ ಎಕ್ಸ್‌ಚೇಂಜರಿನಲ್ಲಿ ಹಿಡಿದು ನಿಲ್ಲಿಸುವುದರಿಂದ ಹೊಗೆಯಲ್ಲಿನ ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಅಗ್ನಿಯಿಂದ ನೀರು ಹುಟ್ಟಿತೆಂಬ ತೈತ್ತಿರೀಯದ ಸೃಷ್ಟಿಕ್ರಮವನ್ನು ಸಂಶಯಿಸುವವರು ಯಾವುದಾದರೂ ಬೇಸ್‌ಮೆಂಟಿಗಿಳಿದು, ಪಿವಿಸಿ ಪೈಪಿನ ತುದಿಯಲ್ಲಿ ಹನಿಯುವುದನ್ನು ನೋಡಬಹುದು. ಆ ನೀರು ಸ್ವಲ್ಪ ಆಮ್ಲೀಯ. ತೀರ್ಥವೆಂದು ಸೇವಿಸಬಾರದು.

ಈ ಉನ್ನತ ಮಾರ್ಗದಲ್ಲಿ ಒಂದು ಪಾಪವೂ ಅಡಗಿದೆ, ಅದನ್ನು ಟ್ಯಾಬ್ಲೆಟ್ ತೋರಿಸುವುದಿಲ್ಲ. ಹಳೆಯ ಮನೆಗಳಲ್ಲಿ ಫರ್ನೇಸೂ ನೀರು ಕಾಯಿಸುವ ಹೀಟರೂ ಒಂದೇ ಚಿಮಣಿಯಲ್ಲಿ ಉಸಿರಾಡುತ್ತವೆ. ಫರ್ನೇಸು 96ರ ಪದವಿಗೇರಿ ಗೋಡೆಯಲ್ಲಿ ತನ್ನದೇ ಪ್ಲಾಸ್ಟಿಕ್ ಪೈಪು ಕೊರೆಸಿಕೊಂಡು ಹೊರಟುಹೋದರೆ, ವಾಟರ್ ಹೀಟರ್ ಅಷ್ಟು ದೊಡ್ಡ ಚಿಮಣಿಯಲ್ಲಿ ಒಂಟಿಯಾಗುತ್ತದೆ. ಇಲ್ಲಿನ ಕಸುಬುದಾರರು ಅದನ್ನು ಅನಾಥ ಹೀಟರೆಂದೇ ಕರೆಯುತ್ತಾರೆ. ಅದರ ಬಡಹೊಗೆಗೆ ಚಿಮಣಿಯನ್ನು ಬಿಸಿಮಾಡುವ ತ್ರಾಣವಿಲ್ಲ. ಹೊಗೆ ನಡುದಾರಿಯಲ್ಲಿ ತಣ್ಣಗಾಗಿ ಇಟ್ಟಿಗೆಯನ್ನು ತೋಯಿಸುತ್ತದೆ, ಕೆಲವೊಮ್ಮೆ ಮನೆಯೊಳಕ್ಕೇ ಮರಳುತ್ತದೆ. ಪರಿಹಾರಕ್ಕೆ ಚಿಮಣಿಯೊಳಗೆ ಕಿರಿದಾದ ಲೋಹದ ಕೊಳವೆ ಇಳಿಸಬೇಕು, ಅದಕ್ಕೆ ಬೇರೆ ಬಿಲ್ಲು. ಒಬ್ಬನಿಗೆ ಮೋಕ್ಷವಾದಾಗ ಮನೆಮಂದಿಗೆ ಬರುವ ಖರ್ಚನ್ನು ನಮ್ಮ ದರ್ಶನಗಳು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ.

ಮುಖ್ಯ ಆಕ್ಷೇಪ ಬೇರೆಯೇ ಇದೆ. ವರ್ಷಕ್ಕೆ 900 ಡಾಲರ್ ಗ್ಯಾಸ್ ಸುಡುವ ಮನೆಯೆಂದು ಇಟ್ಟುಕೊಳ್ಳಿ. 80ರಿಂದ 96ಕ್ಕೆ ಏರಿದರೆ ಆರನೆಯ ಒಂದು ಭಾಗ, ಅಂದರೆ 150 ಡಾಲರ್ ಉಳಿತಾಯ. ಹೆಚ್ಚುವರಿ ಬೆಲೆ 1,800 ಡಾಲರ್ ಆದರೆ ಅದು ತೀರಲು 12 ವರ್ಷ. ನಮ್ಮ ಅಧಿಕಾರಿ ಮಾರ್ಚಿನಲ್ಲಿ ಹಾಕಿಸಿ ಮೇ ತಿಂಗಳಲ್ಲಿ ಗಾಡಿ ಕಟ್ಟುವವನು. ಫಲದ ಮೇಲೆ ಅಧಿಕಾರವಿಲ್ಲದ ಕರ್ಮವನ್ನು ಗೀತೆ ಹೊಗಳಿದ್ದು ನಿಜ. ಆದರೆ ಅಲ್ಲಿ ಕ್ರೆಡಿಟ್ ಕಾರ್ಡು ಉಜ್ಜಬೇಕಾಗಿರಲಿಲ್ಲ.

ಎಸಿಯ ಅಧ್ಯಾಯದಲ್ಲಿ ಇತಿಹಾಸವೇ ನಮ್ಮ ಪರವಾಗಿದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ತನ್ನ ಪ್ರಸಿದ್ಧ ಯಂತ್ರವನ್ನು ರೂಪಿಸಿದ್ದು ಬೆವರುವ ಮನುಷ್ಯರಿಗಾಗಿ ಅಲ್ಲ. ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಸೆಕೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ. ಆ ತೇವವನ್ನು ಹಿಡಿತಕ್ಕೆ ತರಲು. ಮನೆ ಮಾರುವವನು ಎಸಿ ಕೊಳ್ಳುವುದೂ ಇನ್‌ಸ್ಪೆಕ್ಷನ್ ರಿಪೋರ್ಟ್ ಎಂಬ ಕಾಗದಕ್ಕಾಗಿಯೇ. ಯಂತ್ರ ಮೂಲಧರ್ಮಕ್ಕೆ ಮರಳಿದೆ, ಅಷ್ಟೆ.

ಎಸಿಯನ್ನು ಟನ್ನಿನಲ್ಲಿ ಅಳೆಯುತ್ತಾರೆ. ಎರಡು ಸಾವಿರ ಪೌಂಡ್ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಹೀರುವ ಶಾಖಕ್ಕೆ ಒಂದು ಟನ್; ಗಂಟೆಗೆ 12,000 ಬಿಟಿಯು. ಮನೆಗೆ ಎಷ್ಟು ಟನ್ ಬೇಕೆಂದು ತಿಳಿಯಲು ‘ಮ್ಯಾನ್ಯುಯಲ್ ಜೆ’ ಎಂಬ ಸ್ಮೃತಿಗ್ರಂಥವಿದೆ. ಕಿಟಕಿ ಯಾವ ದಿಕ್ಕು, ಗೋಡೆಯಲ್ಲೆಷ್ಟು ಇನ್ಸುಲೇಷನ್, ಮನೆಯಲ್ಲೆಷ್ಟು ತಲೆ ಎಂದೆಲ್ಲ ಕೇಳುತ್ತದೆ. ಆಚಾರ ಬೇರೆ: ಕಂಟ್ರಾಕ್ಟರ್ ಹಳೆಯ ಪೆಟ್ಟಿಗೆಯ ಚೀಟಿ ನೋಡಿ ಅದನ್ನೇ ಬರೆದುಕೊಳ್ಳುತ್ತಾನೆ, ಧಾರಾಳಿಯಾದರೆ ಅರ್ಧ ಟನ್ ಸೇರಿಸುತ್ತಾನೆ. ಅಗತ್ಯಕ್ಕಿಂತ ದೊಡ್ಡ ಎಸಿ ಮನೆಯನ್ನು ಬೇಗ ತಣ್ಣಗೆ ಮಾಡಿ, ತೇವ ತೆಗೆಯುವ ಮುಂಚೆಯೇ ನಿಂತುಬಿಡುತ್ತದೆ. ಒಳಗೆ ಗುಹೆಯ ತಂಪು, ಗುಹೆಯದೇ ಜಿಗುಟು. ದಕ್ಷತೆಯ ಅಂಕಗಳಲ್ಲೂ ಒಂದು ಚಮತ್ಕಾರ ನಡೆದಿದೆ. ಉತ್ತರದ ರಾಜ್ಯಗಳಲ್ಲಿ 14 ಅಂಕದ ಯಂತ್ರ 2023ರ ಜನವರಿಯಿಂದ ಹೊಸ ಅಳತೆಯಲ್ಲಿ 13.4 ಆಯಿತು. ಯಂತ್ರ ಕೆಡಲಿಲ್ಲ, ಡಕ್ಟಿನ ಒತ್ತಡವನ್ನು ವಾಸ್ತವಕ್ಕೆ ಹತ್ತಿರ ತಂದು ಪರೀಕ್ಷೆ ಬಿಗಿ ಮಾಡಿದರು. ಪಿಯುಸಿ ಮೌಲ್ಯಮಾಪನಕ್ಕೆ ಗಟ್ಟಿ ಮೇಷ್ಟ್ರು ಬಂದ ವರ್ಷದ ಹಾಗೆ.

ಎಸಿಯೊಳಗೆ ಹರಿದು ತಂಪು ಮಾಡುವ ಗ್ಯಾಸಿಗೂ ಯುಗಧರ್ಮವಿದೆ. ಆರ್-22ರ ಉತ್ಪಾದನೆ, ಆಮದು 2020ರ ಜನವರಿಗೆ ಮುಗಿಯಿತು. ಆನಂತರ ಮೆರೆದ ಆರ್-410ಎ ಬಳಸುವ ಹೊಸ ಮನೆ-ಎಸಿಗಳ ತಯಾರಿಕೆಗೆ 2025ರ ಜನವರಿಯಿಂದ ತಡೆ. ಈಗ ನಡೆಯುತ್ತಿರುವುದು ಆರ್-454ಬಿ ಮತ್ತು ಆರ್-32ರ ಯುಗ. ಗೋದಾಮಿನಲ್ಲಿ ಉಳಿದ ಹಿಂದಿನ ಯುಗದ ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಡುತ್ತೇನೆಂದು ಯಾರಾದರೂ ಕಣ್ಣು ಮಿಟುಕಿಸಿದರೆ, ಕೊಳ್ಳುವವರ ಇನ್‌ಸ್ಪೆಕ್ಟರಿಗೂ ಚೀಟಿ ಓದಲು ಬರುತ್ತದೆಂಬುದನ್ನು ನೆನೆಯತಕ್ಕದ್ದು.

ಬ್ರ್ಯಾಂಡ್ ಯಾವುದು ಶ್ರೇಷ್ಠ ಎಂಬ ವಿವಾದ ಪಾಟ್‌ಲಕ್ ಊಟಗಳಲ್ಲಿ ಬಿಸಿಬೇಳೆಬಾತು ಆರುವವರೆಗೂ ನಡೆಯುತ್ತದೆ. ಈ ವಿಷಯದಲ್ಲಿ ಲೇಖಕನು ಕಟ್ಟಾ ಅದ್ವೈತಿ. ಕ್ಯಾರಿಯರ್, ಬ್ರಯಂಟ್, ಪೇನ್ ಎಂಬವು ಒಂದೇ ಕಂಪನಿಯ ನಾಮರೂಪಗಳು. ಟ್ರೇನ್ ಮತ್ತು ಅಮೆರಿಕನ್ ಸ್ಟ್ಯಾಂಡರ್ಡ್ ಒಂದೇ ಮನೆಯವು. ಗುಡ್‌ಮನ್, ಅಮಾನಾಗಳ ಹಿಂದೆ ಜಪಾನಿನ ಡೈಕಿನ್ ಇದೆ. ಭೇದ ತೋರುವುದು ವ್ಯವಹಾರದಲ್ಲಿ, ಅಂದರೆ ಬಿಲ್ಲಿನಲ್ಲಿ. ಹಾಕುವವನ ಕೈ ಕೆಟ್ಟದಾಗಿದ್ದರೆ ಯಾವ ನಾಮಸ್ಮರಣೆಯೂ ಕಾಯದು.

ತೆರಿಗೆಯ ಪ್ರಕರಣ ಸಣ್ಣದು. ಫರ್ನೇಸಿಗೆ ಹಾಕಿದ ಹಣ ಮನೆಯ ಅಸಲಿಗೆ ಸೇರುತ್ತದೆ, ಲಾಭ ಅಷ್ಟು ಕಡಿಮೆಯಾಗುತ್ತದೆ. ಆದರೆ ಐದು ವರ್ಷದಲ್ಲಿ ಎರಡು ವರ್ಷ ಸ್ವಂತ ಮನೆಯಲ್ಲಿ ಬಾಳಿದ ದಂಪತಿಗೆ ಲಾಭದಲ್ಲಿ 5 ಲಕ್ಷ ಡಾಲರ್‌ವರೆಗೆ ಹೇಗೂ ತೆರಿಗೆಯಿಲ್ಲ. ಪುಣ್ಯ ಜಮೆಯಾಗುತ್ತದೆ, ಭೋಗಿಸಲು ದಾರಿಯಿಲ್ಲ. ಕೇಂದ್ರ ಸರ್ಕಾರ ಕೊಡುತ್ತಿದ್ದ ತೆರಿಗೆ ರಿಯಾಯಿತಿಯ ಬಾಗಿಲೂ 2025ರ ಡಿಸೆಂಬರ್ 31ಕ್ಕೆ ಮುಚ್ಚಿತು.

ಇನ್ನು ಸಿದ್ಧಾಂತ. ಮಾರುವವನು ಕೊಳ್ಳುವುದು ಶಾಖವನ್ನಲ್ಲ, ತಂಪನ್ನಲ್ಲ, ಒಂದು ಇಸವಿಯನ್ನು. ಇಸವಿ ತಾಮಸಿಕ ಯಂತ್ರದ ಚೀಟಿಯಲ್ಲೂ ಅದೇ, ಸಾತ್ತ್ವಿಕದ್ದರಲ್ಲೂ ಅದೇ. ಆದ್ದರಿಂದ ಚಿಮಣಿಯಲ್ಲಿ ಉಸಿರಾಡುತ್ತಿದ್ದ ಮನೆಗೆ 80ರದೇ, ಆಗಲೇ ಪಿವಿಸಿ ಪೈಪಿದ್ದ ಮನೆಗೆ ಅದಕ್ಕೆ ಹೊಂದುವುದೇ. ಒಂದೇ ವೇಗದಲ್ಲಿ ಓಡುವ, ಗುಣಗಾನಕ್ಕೆ ಆಸ್ಪದವಿಲ್ಲದ ಯಂತ್ರ ಸಾಕು. ಎರಡನ್ನೂ ಒಟ್ಟಿಗೆ ಹಾಕಿಸಬೇಕು, ಏಕೆಂದರೆ ಎಸಿಯ ಕಾಯಿಲ್ ಕೂರುವುದು ಫರ್ನೇಸಿನ ತಲೆಯ ಮೇಲೆಯೇ, ಕಿತ್ತು ಕೂರಿಸುವ ಕೂಲಿಯನ್ನು ಎರಡು ಸಲ ತೆರುವುದು ಮೌಢ್ಯ. ಊರಿನ ಪರ್ಮಿಟ್ ತಪ್ಪಿಸಬಾರದು, ಕೊಳ್ಳುವವರ ವಕೀಲರು ಅದನ್ನೇ ಮೊದಲು ಕೇಳಿಯಾರು. ವಾರಂಟಿಯನ್ನು ಗಡುವಿನೊಳಗೆ ನೋಂದಾಯಿಸಿ, ಮುಂದಿನವರ ಹೆಸರಿಗೆ ದಾಟುತ್ತದೆಯೇ ಎಂದು ನೋಡಬೇಕು. ಹಲವು ಕಂಪನಿಗಳಲ್ಲಿ ಅದು ದಾಟುವಾಗ ಸವೆಯುತ್ತದೆ. ಯಂತ್ರ ಹದಿನೈದು ದಾಟದೆ ಗಟ್ಟಿಯಾಗಿದ್ದರೆ ಮಾತ್ರ ಸರ್ವೀಸ್ ಮಾಡಿಸಿ, ರಸೀತಿಯನ್ನು ಅದರ ಬಾಗಿಲಿಗೆ ಅಂಟಿಸಿ ಬಿಡಬಹುದು. ಇದು ಪೂರ್ವಪಕ್ಷಕ್ಕೆ ಸಿಕ್ಕ ಏಕೈಕ ಸಮಾಧಾನದ ಬಹುಮಾನ.

ಈ ಸಿದ್ಧಾಂತವನ್ನು ಅಲುಗಿಸುವ ಒಂದೇ ಪ್ರತಿಸಾಕ್ಷ್ಯ ಮನೆ ನೋಡಲು ಬರುವ ನಮ್ಮವರಿಂದ ಬರುತ್ತದೆ. ಅವರು ಕಾರಿಳಿದು ಮೊದಲು ಫೋನಿನಲ್ಲಿ ದಿಕ್ಸೂಚಿ ತೆಗೆಯುತ್ತಾರೆ. ಬಾಗಿಲು ಪೂರ್ವಕ್ಕಿದ್ದರೆ ಮುಖ ಅರಳುತ್ತದೆ, ದಕ್ಷಿಣಕ್ಕಿದ್ದರೆ ಕೃತಕ ಕೆಮ್ಮು. ಬೇಸ್‌ಮೆಂಟಿಗಿಳಿದು ಹೊಸ ಫರ್ನೇಸನ್ನು ದಾಟಿ, ಹೋಂ ಥಿಯೇಟರ್ ಎಲ್ಲಿ ಹಾಕಬಹುದೆಂದು ಗೋಡೆ ಅಳೆಯುತ್ತಾರೆ. ಫರ್ನೇಸು ಆಗ್ನೇಯ ಮೂಲೆಯಲ್ಲಿದ್ದರೆ ಬೆಲೆ ಏರುವುದೇ ಎಂಬ ಪ್ರಶ್ನೆ ಉಪೇಕ್ಷಣೀಯವಲ್ಲ. ರಿಯಲ್ಟರುಗಳು ಈ ಬಗ್ಗೆ ಮೌನ ತಾಳಿದ್ದಾರೆ.

ಅದೇ ಇನ್‌ಸ್ಪೆಕ್ಷನ್ ರಿಪೋರ್ಟಿನ ಮುಂದಿನ ಪುಟದಲ್ಲಿ ಛಾವಣಿಯ ಶಿಂಗಲ್‌ಗಳು ಸುರುಟಿಕೊಂಡಿವೆ ಎಂದು ಬರೆದಿದೆ. ಅದು ಎರಡನೆಯ ಸಂಪುಟದ ವಿಷಯ; ಮೊದಲನೆಯದರ ಕಂತು ತೀರಿದ ಮೇಲೆ ಹೊರಬರುತ್ತದೆ.