ಅಮ್ಮನ ಪಾಲು

ಬೆಳೆದ ಮಕ್ಕಳು ಮನೆ ಬಿಟ್ಟು ಹೋಗುವಾಗ ಹಳೆಯ ಪುಸ್ತಕ, ತೂತು ಬಿದ್ದ ಬನಿಯನ್ನು, ತಂತಿ ಹರಿದ ಶಟಲ್ ಬ್ಯಾಟು ಎಲ್ಲವನ್ನೂ ಇಲ್ಲೇ ಬಿಟ್ಟು, ನಾವು ಹೇಳುತ್ತಿದ್ದ ಬುದ್ಧಿಮಾತುಗಳನ್ನು ಮಾತ್ರ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಆಮೇಲೆ ಒಂದೊಂದಾಗಿ ಫೋನಿನಲ್ಲಿ ನಮಗೇ ವಾಪಸ್ಸು ಕಳಿಸುತ್ತಾರೆ. ‘ಹೊತ್ತಿಗೆ ಸರಿಯಾಗಿ ತಿನ್ನು.’ ‘ರಾತ್ರಿ ಮೊಬೈಲ್ ನೋಡ್ತಾ ಕೂರಬೇಡ.’ ‘ಹಸಿರು ತರಕಾರಿ ತಿಂತಿದ್ದೀಯಾ?’ ಕೇಳುತ್ತಿರುವವಳು ಸೊಪ್ಪು ಕಂಡರೆ ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದ ನನ್ನ ಮಗಳು.

ಮಗ ಡಬ್ಲಿನ್‌ನಿಂದ ಬಂದಾಗ ನಮ್ಮಿಬ್ಬರ ಮಣಿಕಟ್ಟಿಗೂ ಒಂದೊಂದು ವಾಚು ಬಿಗಿದು ಹೋದ. ದಿನಕ್ಕೆ 10,000 ಹೆಜ್ಜೆ ಹಾಕಬೇಕಂತೆ. ಈ ಲೆಕ್ಕ ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರುವಾಗ ಅದರ ಹೆಸರಿನೊಳಗೇ ಸೇರಿಸಿದ್ದು. ಇದನ್ನು ಮಗನಿಗೆ ಹೇಳಿದೆ. “ಅದೆಲ್ಲ ಇರ್ಲಿ, ನಿನ್ನೆ ನೀನು ಗೇಟೇ ದಾಟಿಲ್ಲವಲ್ಲಮ್ಮಾ” ಅಂದ. ಲೆಕ್ಕ ಅವನ ಫೋನಿಗೂ ಹೋಗುತ್ತದೆ!

ವಾಚು ಪಾಪ, ಕೈ ಆಡಿದ್ದನ್ನು ನೋಡಿ ಕಾಲು ನಡೆಯಿತೆಂದು ನಂಬಿಬಿಡುತ್ತದೆ. ಈ ಗುಟ್ಟು ಚಪಾತಿ ಹಿಟ್ಟು ನಾದುವಾಗ ನನಗೆ ಗೊತ್ತಾಯಿತು. ನಮ್ಮವರು ಒಂದು ಕೈ ಮುಂದೆ. ಟಿವಿ ಚರ್ಚೆಯವರ ಜೊತೆ ಕೈ ಬೀಸಿ ಬೀಸಿ ಜಗಳವಾಡಿ, ಸೋಫಾದಿಂದ ಏಳದೆಯೇ ಕುಕ್ಕರಹಳ್ಳಿ ಕೆರೆ ಸುತ್ತಿ ಬರುತ್ತಾರೆ.

ರಕ್ತಪರೀಕ್ಷೆಯ ಹತ್ತಿರ ಈ ಆಟ ನಡೆಯದು. ಮಗಳು ಪುಣೆಯಲ್ಲಿ ಕೂತು ಬುಕ್ ಮಾಡುತ್ತಾಳೆ. ಬೆಳಿಗ್ಗೆ ಹುಡುಗನೊಬ್ಬ ಮನೆಗೇ ಬಂದು ರಕ್ತ ಎಳೆದುಕೊಂಡು ಹೋಗುತ್ತಾನೆ. ರಿಪೋರ್ಟು ಅವಳ ಮೇಲ್‌ಗೆ. ನನ್ನ ಥೈರಾಯ್ಡಿನ ಸುದ್ದಿ ನನಗೆ ತಿಳಿಯುವುದು ಪುಣೆಯಿಂದ. ಪರೀಕ್ಷೆಗೆ ಮುಂಚೆ ವಾರವಿಡೀ ನಮ್ಮವರು ಕಾಫಿಗೆ ಸಕ್ಕರೆ ಬಿಟ್ಟು ಸಾಧುವಾಗಿದ್ದರು. ಆದರೆ ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಕೆದಕಿ ತೆಗೆಯುತ್ತದೆ. ದೀಪಾವಳಿಯ ಮೈಸೂರುಪಾಕು ಎದ್ದು ಬಂದು ಸಾಕ್ಷಿ ಹೇಳಿತು. “ಏನಪ್ಪಾ ಇದು?” ಎಂದು ಮಗಳು ವಿಡಿಯೊ ಕಾಲ್‌ನಲ್ಲಿ ಗದರಿದಾಗ, ಕಡಿಮೆ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಲು ಬಂದ ಹುಡುಗನ ಹಾಗೆ ನೆಲ ನೋಡುತ್ತಿದ್ದರು.

ಇದೆಲ್ಲ ಮಕ್ಕಳು ನಮ್ಮನ್ನು ನೋಡಿಕೊಳ್ಳುವ ಬಗೆ. ನಮ್ಮನ್ನು ನಾವೇ ನೋಡಿಕೊಳ್ಳುವುದು ಬೇರೆಯೇ ವಿದ್ಯೆ, ಅದರಲ್ಲಿ ನಮ್ಮದಿನ್ನೂ ಅಆಇಈ. ಇದು ಗೊತ್ತಾದದ್ದು ದೇವರಾಜ ಮಾರುಕಟ್ಟೆಯಲ್ಲಿ. “ಏನು ತಗೊಳ್ಳೋಣರೀ?” ಎಂದೆ. “ಬೆಂಡೆಕಾಯಿ ತಗೋ, ಮಕ್ಕಳಿಗಿಷ್ಟ” ಎಂದರು. ಮಕ್ಕಳೆಲ್ಲಿದ್ದಾರೆ? ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಿಮಗೇನಿಷ್ಟ ಎಂದು ಕೇಳಿದರೆ ಅವರು ನಿವೇಶನದ ದಾಖಲೆ ಹುಡುಕುವಷ್ಟು ಹೊತ್ತು ಯೋಚಿಸಿ, ಅಕ್ಕಪಕ್ಕ ನೋಡಿ, “ಹಾಗಲಕಾಯಿ ಗೊಜ್ಜು” ಎಂದರು. ನನಗೆ ಈರನಗೆರೆ ಬದನೆಕಾಯಿಯ ವಾಂಗಿಭಾತು. ಮಕ್ಕಳಿಗೆ ಬದನೆ ಸೇರದೆಂದು ಅಷ್ಟು ವರ್ಷ ಅದಕ್ಕೆ ಆಲೂಗಡ್ಡೆ ಬೀಳುತ್ತಿತ್ತು. ಅಂದು ಎರಡನ್ನೂ ಮಾಡಿ, ಬಾಗಿಲು ಹಾಕಿಕೊಂಡು ಉಂಡೆವು.

ಇನ್ನು ದೋಸೆಯ ವಿಷಯ. ಮೊದಲ ದೋಸೆ ಯಾರಿಗೆಂಬ ಬಗ್ಗೆ ಯಾವ ಕಾನೂನೂ ಇಲ್ಲ, ಆದರೂ ತೀರ್ಪು ಎಂದೋ ಆಗಿಹೋಗಿದೆ. ಕಾವಲಿ ಹದಕ್ಕೆ ಬಂದಿರುವುದಿಲ್ಲ. ದೋಸೆ ಅರ್ಧ ಏಳುತ್ತದೆ, ಅರ್ಧ ಕಚ್ಚಿಕೊಳ್ಳುತ್ತದೆ. ಮಗುಚುವ ಕೈಯಲ್ಲಿ ಕೆರೆದು ತೆಗೆದ ಆ ಚಿಂದಿ ಅಮ್ಮನಿಗೆ. ಕೊನೆಯಲ್ಲಿ ಹಿಟ್ಟು ಸಾಲದೆ ಅಂಗೈಯಗಲವಾದದ್ದೂ ಅಮ್ಮನಿಗೆ. ನಡುವಿನ ಗರಿಗರಿಯವೆಲ್ಲ ಉಳಿದವರಿಗೆ. ನಿನ್ನೆಯ ಸಾರು, ತಳ ಹಿಡಿದ ಪಾಯಸ, ಹೋಳು ಹಂಚಿದ ಮೇಲೆ ಉಳಿದ ಮಾವಿನ ವಾಟೆ, ಎಲ್ಲಕ್ಕೂ ನಾನೇ ಏಕೈಕ ವಾರಸುದಾರಳು. ಮಕ್ಕಳು ಹೋದ ಮೇಲೂ ಚಿಂದಿ ನನ್ನ ತಟ್ಟೆಗೇ ಬರುತ್ತಿತ್ತು, ಯಾರೂ ಹಾಕದಿದ್ದರೂ. ಈಗ ಪದ್ಧತಿ ಬದಲಾಗಿದೆ. ಭಾನುವಾರ ನಮ್ಮವರು ಒಲೆಯ ಮುಂದೆ, ನಾನು ಮೇಜಿನ ಮುಂದೆ. ಅವರ ಮೊದಲ ದೋಸೆಯಷ್ಟೇ ಅಲ್ಲ, ನಾಲ್ಕನೆಯದೂ ಏಳುವುದಿಲ್ಲ. ಅದು ಬೇರೆ ಮಾತು. ಕಷ್ಟಪಟ್ಟು ಎದ್ದದ್ದು ಮಾತ್ರ ನನಗೆ.

ತಿರುಗಾಟವೂ ಶುರುವಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದರ ಸೊನ್ನೆ. ಹಿರಿಯ ನಾಗರಿಕರ ಶೇ 25ರ ರಿಯಾಯಿತಿಗೆ 60 ತುಂಬಬೇಕು. ನಮ್ಮವರಿಗೆ ಇನ್ನೂ ಅಷ್ಟಾಗಿಲ್ಲ. ಹಾಗಾಗಿ ಅವರದು ಪೂರ್ತಿ ಕಾಸು. ನನ್ನ ಆಧಾರ್ ಕಾರ್ಡನ್ನು ಕಂಡಕ್ಟರು ನೋಡುವಾಗಲೆಲ್ಲ ಅವರು ಕಿಟಕಿಯಾಚೆ ನೋಡುತ್ತಾರೆ.

ಮೊನ್ನೆ ಹೀಗೇ ಮೇಲುಕೋಟೆಗೆ ಹೋದೆವು. ಚೆಲುವನಾರಾಯಣನನ್ನು ನೋಡಿ, ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ಬಾಯಿಗಿಡುತ್ತಿದ್ದೆ. ಫೋನು ಬಂತು. ಮಗಳು.

“ಅಮ್ಮಾ, ಎಲ್ಲಿದ್ದೀಯ? ಬೆಳಿಗ್ಗೆಯಿಂದ ಫೋನ್ ಮಾಡ್ತಿದ್ದೀನಿ. ಅಣ್ಣ ಬೇರೆ ಗಾಬರಿಯಾಗಿದ್ದಾನೆ, ನಿನ್ನ ವಾಚಿನಲ್ಲಿ ಹನ್ನೆರಡು ಗಂಟೆಗೇ ಹತ್ತು ಸಾವಿರ ದಾಟಿದೆಯಂತೆ. ವಾಚು ಕೆಟ್ಟಿದೆಯೋ, ಯಾರಾದ್ರೂ ಕದ್ದುಕೊಂಡು ಓಡ್ತಿದ್ದಾರೋ ಅಂತ!”

“ಮೇಲುಕೋಟೆಲಿದ್ದೀವಿ ಕಣೇ.”

“ಹೇಳದೆ ಕೇಳದೆ ಹೋಗೋದಾ?” ಎಂದು ಸ್ವಲ್ಪ ಹೊತ್ತು ರೇಗಿ, ಆಮೇಲೆ ದನಿ ತಗ್ಗಿಸಿದಳು. “ಅಮ್ಮಾ, ಪುಳಿಯೋಗರೆ ಗೊಜ್ಜು ತಗೊಂಡ್ಯಾ? ನಂಗೆ ಒಂದು ಡಬ್ಬ ಕಳಿಸ್ತೀಯಾ?”

ಡಬ್ಬ ತೊಡೆಯ ಮೇಲೇ ಇತ್ತು. ನಮ್ಮವರು ಆಗಲೇ ಮುಚ್ಚಳ ತೆಗೆದು ಬೆರಳಿಟ್ಟು ರುಚಿ ನೋಡುತ್ತಿದ್ದರು.

“ಮಿಕ್ಕಿದ್ರೆ ಕಳಿಸ್ತೀನಿ ಪುಟ್ಟಾ” ಎಂದೆ.